ಪಾಸೌಟ್ ಆದವರು

ಬೆಂಗಳೂರಿನ ಪೂರ್ವಭಾಗದಲ್ಲಿ, ಅಂದರೆ ಹಳಬರು ಈಗಲೂ 'ದಂಡು' ಎಂದೇ ಕರೆಯುವ ಕಡೆಯಲ್ಲಿ, ಹೊಸದಾಗಿ ಪರಿಚಯವಾದವರು ಹೆಸರು ಕೇಳಿದ ಮೇಲೆ ಕೇಳುವ ಎರಡನೆಯ ಪ್ರಶ್ನೆ ಒಂದುಂಟು: "ಎಲ್ಲಿ ಪಾಸೌಟ್ ಆದದ್ದು?" ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ನಿಂತ ಕಾಲೇಜು ಹುಡುಗಿಯರು ಇದನ್ನು ಕೇಳುತ್ತಾರೆ. ಹಲಸೂರಿನಲ್ಲಿ ಗಂಡಿನ ಕಡೆಯವರು ಹೆಣ್ಣು ನೋಡಲು ಬಂದಾಗ ಕೇಳುತ್ತಾರೆ. ಕೃಷ್ಣರಾಜಪುರದ ಕಾರ್ಖಾನೆಗಳ ಗೇಟಿನ ಹತ್ತಿರ ಅಂಟಿಸುವ ಕೆಲಸದ ಜಾಹೀರಾತಿನಲ್ಲೂ ಇದು ಇರುತ್ತದೆ. ಕನ್ನಡ, ತಮಿಳು, ತೆಲುಗು, ದಖನಿ ಉರ್ದು ಯಾವ ಮನೆಮಾತಿನವರಾದರೂ ಈ ಒಂದು ಮಾತನ್ನು ಮಾತ್ರ ಯಾರೂ ಅನುವಾದ ಮಾಡುವ ಗೋಜಿಗೆ ಹೋಗಿಲ್ಲ. ಪಾಸೌಟ್ ಎಂದರೆ ಪಾಸೌಟ್. ಓದು ಮುಗಿಯಿತು, ಪರೀಕ್ಷೆ ಗೆದ್ದಾಯಿತು, ಆ ಬಾಗಿಲಿನಿಂದ ಹೊರಗೆ ಬಂದಾಯಿತು ಎಂದರ್ಥ.

ಇಷ್ಟು ಸಾಧುವಾದ ಮಾತು ನನ್ನ ತಂಗಿಯ ಮಗಳನ್ನು ಒಂದು ರಾತ್ರಿ ಅಳಿಸಿತು ಎಂದರೆ ನೀವು ನಂಬಲಿಕ್ಕಿಲ್ಲ. ಅವಳು ಅಮೆರಿಕದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ. ಹೊಸಬರೆಲ್ಲ ತಮ್ಮ ತಮ್ಮ ಪರಿಚಯ ಹೇಳಿಕೊಳ್ಳಬೇಕಿತ್ತಂತೆ. ಇವಳು ನಮ್ಮ ಕಡೆಯ ರೂಢಿಯಂತೆ, ತಾನು ಇಂಥ ವರ್ಷ ಇಂಥ ಕಾಲೇಜಿನಿಂದ ಪಾಸೌಟ್ ಆದೆ ಎಂದಳು. ಒಂದು ಕ್ಷಣ ಎಲ್ಲರೂ ಸುಮ್ಮನಾಗಿ, ಆಮೇಲೆ ನಕ್ಕರಂತೆ. ಒಬ್ಬ ಮಾತ್ರ ಮರ್ಯಾದೆಯಿಂದ, "ಪಾಪ, ಈಗ ಆರೋಗ್ಯ ಸರಿಯಾಗಿದೆಯೇ?" ಎಂದು ಕೇಳಿದನಂತೆ. ಆ ದೇಶದಲ್ಲಿ ಈ ಮಾತಿಗೆ ಎಚ್ಚರ ತಪ್ಪಿ ಬೀಳುವುದು ಎಂದು ಅರ್ಥ. ಅದರಲ್ಲೂ ಹೆಚ್ಚಾಗಿ ಕುಡಿದು ಬೀಳುವುದು! ಚಿನ್ನದ ಪದಕ ತೆಗೆದುಕೊಂಡ ಹುಡುಗಿ ತಾನು ಕಾಲೇಜಿನಲ್ಲಿ ಮೂರ್ಛೆ ಹೋದೆನೆಂದು ಹೇಳಿಕೊಂಡ ಹಾಗಾಯಿತು. ರಾತ್ರಿ ಫೋನ್ ಮಾಡಿ, "ದೊಡ್ಡಮ್ಮ, ನಾವು ಕಲಿತ ಇಂಗ್ಲಿಷೇ ತಪ್ಪಾ?" ಎಂದು ಕೇಳಿದಳು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವಳು ನಾನು. "ಅಲ್ಲ ಕಣೇ, ತಪ್ಪಲ್ಲ, ಹಳೆಯದು ಅಷ್ಟೆ" ಎಂದೆ. ಹಾಗೆ ಎಂದ ಮೇಲೆ ಅದನ್ನು ವಿವರಿಸುವುದು ನನ್ನ ಹೊಣೆಯಾಯಿತು. ಅವಳಿಗೆ ಹೇಳಿದ್ದನ್ನು, ಹೇಳಲಾಗದೆ ಉಳಿದದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಜಾತಿಯ ಮಾತುಗಳ ವಿಚಾರ. ಇಂಗ್ಲಿಷಿನಲ್ಲಿ ಸಣ್ಣದೊಂದು ಕ್ರಿಯಾಪದ, ಅದರ ಬೆನ್ನಿಗೆ ಅಪ್, ಔಟ್, ಇನ್, ಆಫ್ ಎಂಬಂಥ ಇನ್ನೂ ಸಣ್ಣದೊಂದು ಶಬ್ದ. ಎರಡೂ ಸೇರಿದರೆ ಹುಟ್ಟುವ ಅರ್ಥ ಎರಡರಲ್ಲೂ ಇರುವುದಿಲ್ಲ. 'ಗಿವ್' ಎಂದರೆ ಕೊಡು, 'ಅಪ್' ಎಂದರೆ ಮೇಲೆ; 'ಗಿವ್ ಅಪ್' ಎಂದರೆ ಮಾತ್ರ ಕೈಬಿಡು. 1755ರಲ್ಲಿ ಇಂಗ್ಲಿಷಿನ ಪ್ರಸಿದ್ಧ ನಿಘಂಟನ್ನು ಹೊರತಂದ ಸಾಮ್ಯುಯೆಲ್ ಜಾನ್ಸನ್ ತನ್ನ ಮುನ್ನುಡಿಯಲ್ಲಿಯೇ, ಪರದೇಶದವರಿಗೆ ತಮ್ಮ ಭಾಷೆಯಲ್ಲಿ ಅತ್ಯಂತ ಕಷ್ಟ ಕೊಡುವುದು ಇವೇ ಎಂದು ಒಪ್ಪಿಕೊಂಡಿದ್ದ. ಇವುಗಳಿಗೆ 'ಫ್ರೇಸಲ್ ವರ್ಬ್' ಎಂಬ ಹೆಸರು ಬಂದದ್ದು ಬಹಳ ತಡವಾಗಿ. 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ಲೇಖಕ ತನ್ನ ಪುಸ್ತಕವೊಂದರಲ್ಲಿ ಆ ಹೆಸರನ್ನು ಬಳಸಿ, ಅದನ್ನು ತನಗೆ ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಎಂದು ಹೇಳಿದ.

ನಮ್ಮ ಹೆಣ್ಣುಮಕ್ಕಳು ಈ ಮಾತುಗಳನ್ನು ಕಂಡು ಹೆದರುವುದನ್ನು ತರಗತಿಯಲ್ಲಿ ನಾನು ವರ್ಷ ವರ್ಷವೂ ನೋಡಿದ್ದೇನೆ. ಹೆದರಬೇಕಾದ್ದೇನೂ ಇಲ್ಲ. ಸಂಸ್ಕೃತದ ಉಪಸರ್ಗಗಳನ್ನು ನೆನೆಸಿಕೊಳ್ಳಿ. ಒಂದೇ ಧಾತುವಿಗೆ 'ಆ' ಸೇರಿಸಿದರೆ ಆಹಾರ, 'ವಿ' ಸೇರಿಸಿದರೆ ವಿಹಾರ, 'ಪ್ರ' ಸೇರಿಸಿದರೆ ಪ್ರಹಾರ, 'ಸಂ' ಸೇರಿಸಿದರೆ ಸಂಹಾರ. ಊಟಕ್ಕೂ ಏಟಿಗೂ ನಡುವೆ ಇರುವುದು ಒಂದಕ್ಷರದ ವ್ಯತ್ಯಾಸ. ಸಂಸ್ಕೃತ ಮುಂದೆ ಅಂಟಿಸುವುದನ್ನು ಇಂಗ್ಲಿಷು ಹಿಂದೆ ಅಂಟಿಸುತ್ತದೆ, ಅಷ್ಟೆ. ಅಚ್ಚಗನ್ನಡವೇನು ಕಡಿಮೆಯೇ? 'ಬೀಳು' ಎಂಬ ಒಂದು ಕ್ರಿಯೆಯಿಂದ ಹೊರಬೀಳು, ಹಿಂದೆ ಬೀಳು, ಕಾಲಿಗೆ ಬೀಳು, ಕಣ್ಣಿಗೆ ಬೀಳು ಎಂದು ಎಷ್ಟು ಸಂಸಾರ ಬೆಳೆದಿದೆ ನೋಡಿ. ಇನ್ನು 'ಕೈ' ಎಂಬುದಂತೂ ಕೇಳಲೇಬೇಡಿ. ಕೈ ಹಿಡಿದವನು ಗಂಡ, ಕೈ ಕೊಟ್ಟವನು ಮೋಸಗಾರ, ಕೈ ಬಿಟ್ಟವನು ಅದಕ್ಕಿಂತ ಕಡೆ. ಕನ್ನಡ ಕಲಿಯಲು ಬಂದ ಪರದೇಶದವಳಿಗೆ ಹಿಡಿಯುವುದಕ್ಕೂ ಕೊಡುವುದಕ್ಕೂ ಇರುವ ಈ ದೂರವನ್ನು ಹೇಗೆ ತಿಳಿಸಿ ಹೇಳುತ್ತೀರಿ?

ಇನ್ನು ನಮ್ಮ ಮಾತಿಗೆ ಬರೋಣ. 'ಪಾಸ್' ಎಂಬುದರ ಮೂಲ ಲ್ಯಾಟಿನ್ನಿನ 'ಪಾಸ್ಸುಸ್'. ಅದರ ಅರ್ಥ ಹೆಜ್ಜೆ. ಅದು ಫ್ರೆಂಚ್ ಭಾಷೆಯಲ್ಲಿ 'ಪಾಸ್ಸೇ' ಆಗಿ, ಹೆಜ್ಜೆ ಹಾಕುತ್ತಾ ದಾಟಿ ಹೋಗುವುದು ಎಂಬ ಅರ್ಥ ಪಡೆದು, 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. 'ಔಟ್' ಮಾತ್ರ ಇಂಗ್ಲಿಷಿನ ಮನೆಯಲ್ಲೇ ಹುಟ್ಟಿದ ಹಳೆಯ ಶಬ್ದ. ಹೀಗೆ ಹೊರಗಿನಿಂದ ಬಂದ ಸೊಸೆಯೂ ಮನೆಯ ಮಗನೂ ಸೇರಿ ಮಾಡಿದ ಸಂಸಾರ ಈ 'ಪಾಸ್ ಔಟ್'. ಮೊದಮೊದಲು ಅದಕ್ಕೆ ಇದ್ದ ಅರ್ಥ ಬಹಳ ಸರಳ: ಹೆಜ್ಜೆ ಹಾಕಿಕೊಂಡು ಹೊರಗೆ ಹೋಗುವುದು. ಪರೀಕ್ಷೆಯೂ ಇಲ್ಲ, ಮೂರ್ಛೆಯೂ ಇಲ್ಲ.

ಪರೀಕ್ಷೆ ಅಂಟಿಕೊಂಡದ್ದು ಸೈನ್ಯದ ಶಾಲೆಗಳಲ್ಲಿ. ಇಂಗ್ಲೆಂಡಿನ ವೂಲಿಚ್‌ನಲ್ಲಿ 1741ರಲ್ಲಿ ಫಿರಂಗಿ ಮತ್ತು ಇಂಜಿನಿಯರಿಂಗ್ ಅಧಿಕಾರಿಗಳಿಗಾಗಿ ಸೈನಿಕ ಅಕಾಡೆಮಿ ತೆರೆಯಿತು. ಈಸ್ಟ್ ಇಂಡಿಯಾ ಕಂಪನಿ ತನ್ನದೇ ಸೈನ್ಯಕ್ಕೆ ಅಧಿಕಾರಿಗಳನ್ನು ತಯಾರಿಸಲು 1809ರಲ್ಲಿ ಲಂಡನ್ನಿನ ಬಳಿಯ ಆಡಿಸ್ಕೊಂಬ್ ಎಂಬಲ್ಲಿ ಶಾಲೆ ತೆರೆಯಿತು. ಅದು 1861ರವರೆಗೆ ನಡೆಯಿತು. ಈ ಶಾಲೆಗಳಲ್ಲಿ ಎರಡು ಬಾಗಿಲು ಎಂದಿಟ್ಟುಕೊಳ್ಳಿ. ಒಳಗೆ ಬರಲು ಒಂದು ಪರೀಕ್ಷೆ, ಹೊರಗೆ ಹೋಗಲು ಇನ್ನೊಂದು. ಒಳಗೆ ಬಂದದ್ದು 'ಪಾಸ್ ಇನ್', ಹೊರಗೆ ಹೋದದ್ದು 'ಪಾಸ್ ಔಟ್'. ಹೊರಗೆ ಹೋಗುವಾಗಿನ ದರ್ಜೆಯ ಮೇಲೆಯೇ ಯಾರು ಇಂಜಿನಿಯರ್, ಯಾರು ಫಿರಂಗಿ ದಳ, ಯಾರು ಕಾಲಾಳು ಎಂದು ನಿಶ್ಚಯವಾಗುತ್ತಿತ್ತು. ಆ ಕಾಲದ ಸೇನಾಧಿಕಾರಿಗಳ ಜೀವನ ಚರಿತ್ರೆಗಳನ್ನು ತೆರೆದರೆ, ಇಂಥವನು ವೂಲಿಚ್‌ನಿಂದ ಇಷ್ಟನೆಯವನಾಗಿ ಪಾಸೌಟ್ ಆದ ಎಂಬ ವಾಕ್ಯ ಪುಟಪುಟಕ್ಕೂ ಸಿಗುತ್ತದೆ.

ನಮ್ಮ ಬೆಂಗಳೂರಿಗೂ 1809 ಮುಖ್ಯವಾದ ವರ್ಷವೇ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಸೈನ್ಯ ಮೊದಲು ಅಲ್ಲಿಯೇ ಬೀಡುಬಿಟ್ಟಿತ್ತು. ಆದರೆ ಕಾವೇರಿಯ ನಡುವಿನ ಆ ದ್ವೀಪದಲ್ಲಿ ಮಲೇರಿಯಾ ಜ್ವರ ಸಿಪಾಯಿಗಳನ್ನು ಮಲಗಿಸತೊಡಗಿತು. 1809ರಲ್ಲಿ ದಂಡು ಬೆಂಗಳೂರಿಗೆ, ಹಲಸೂರಿನ ಆಚೀಚಿನ ಬಯಲಿಗೆ ಬಂತು. ದಂಡು ಎಂದರೆ ಸೈನ್ಯ. ಸೈನ್ಯ ಇಳಿದ ಜಾಗಕ್ಕೂ ಜನ ಅದೇ ಹೆಸರಿಟ್ಟರು. 1864ರಲ್ಲಿ ಜೋಲಾರಪೇಟೆಯಿಂದ ಇಲ್ಲಿಗೆ ರೈಲು ಬಂದಾಗ ಆ ನಿಲ್ದಾಣವೂ 'ದಂಡು' ಆಯಿತು. ಊರು ಎರಡಾಯಿತು. ಆ ಕಡೆ ಕೆಂಪೇಗೌಡರ ಕಾಲದ ಪೇಟೆ, ಈ ಕಡೆ ದಂಡು. ಪೇಟೆ ಮೈಸೂರು ಅರಸರದು, ದಂಡು ಬ್ರಿಟಿಷ್ ರೆಸಿಡೆಂಟನದು. 1947ರ ಜುಲೈ 26ರಂದು ದಂಡನ್ನು ಮೈಸೂರು ಸಂಸ್ಥಾನಕ್ಕೆ ಬಿಟ್ಟುಕೊಡುವ ತನಕ ಹೀಗೆಯೇ ನಡೆಯಿತು.

ದಂಡಿನ ನಡುಮಧ್ಯದಲ್ಲಿ ಇದ್ದದ್ದು ದೇವಸ್ಥಾನವಲ್ಲ, ಸಂತೆಯೂ ಅಲ್ಲ, ಪರೇಡ್ ಮೈದಾನ. ಇವತ್ತಿನ ಮಹಾತ್ಮ ಗಾಂಧಿ ರಸ್ತೆ 1948ರವರೆಗೆ 'ಸೌತ್ ಪರೇಡ್' ಆಗಿತ್ತು. ಮೈದಾನದ ದಕ್ಷಿಣದ ಅಂಚು ಎಂಬುದೇ ಅದರ ಹೆಸರು. ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ಈಗ ಕಾಮರಾಜ ರಸ್ತೆಯಾಗಿರುವ ಕ್ಯಾವಲ್ರಿ ರಸ್ತೆ, ಎಲ್ಲವೂ ಸೈನ್ಯದ ಹೆಸರುಗಳೇ. ನಾವು ಸೀರೆ ಕೊಳ್ಳಲು, ಐಸ್‌ಕ್ರೀಂ ತಿನ್ನಲು ಓಡಾಡುವ ಬೀದಿಗಳೆಲ್ಲ ಒಂದು ಕಾಲಕ್ಕೆ ಕವಾಯತಿನ ಸುತ್ತ ಹಾಕಿದ ಗೆರೆಗಳು. ಆ ಮೈದಾನದಲ್ಲಿ ಉಳಿದ ಭಾಗಕ್ಕೆ ಈಗ ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಹೆಸರಿದೆ.

ಹಲಸೂರು ಕೆರೆಯ ದಡದಲ್ಲಿರುವ ಮದ್ರಾಸ್ ಸ್ಯಾಪರ್ಸ್ ದಳಕ್ಕೆ ಇದಕ್ಕಿಂತ ಹಳೆಯ ಚರಿತ್ರೆ ಇದೆ. 1780ರಲ್ಲಿ ಮದ್ರಾಸಿನಲ್ಲಿ ಕಟ್ಟಿದ ಈ ದಳ 19ನೆಯ ಶತಮಾನದಲ್ಲಿ ಬೆಂಗಳೂರಿಗೆ ಬಂದು ನೆಲೆಸಿತು. ಸೇತುವೆ ಕಟ್ಟುವುದು, ದಾರಿ ಕಡಿಯುವುದು, ನೆಲದಲ್ಲಿ ಹುಗಿದ ಸಿಡಿಮದ್ದು ತೆಗೆಯುವುದು ಇವರ ಕೆಲಸ. ದಕ್ಷಿಣದ ನಾಲ್ಕೂ ಭಾಷೆಯ ಹುಡುಗರು ಇದರಲ್ಲಿ ಸೇರುತ್ತಾರೆ. ಸೈನ್ಯದಲ್ಲೆಲ್ಲ ಇವರಿಗೆ 'ತಂಬಿ'ಗಳು ಎಂಬ ಮುದ್ದಿನ ಹೆಸರು. ಕಂಪನಿಯ ಕಾಲದಲ್ಲಿ ಮದ್ರಾಸಿನ ಇಂಜಿನಿಯರ್ ಅಧಿಕಾರಿಗಳು ಬರುತ್ತಿದ್ದದ್ದು ಆಡಿಸ್ಕೊಂಬ್‌ನಿಂದ ಪಾಸೌಟ್ ಆಗಿಯೇ. ಅಂಥವರಲ್ಲಿ ಒಬ್ಬ ರಿಚರ್ಡ್ ಸ್ಯಾಂಕಿ. 1868ರಲ್ಲಿ ಮುಗಿದ ಅಠಾರ ಕಚೇರಿಯ ಕೆಂಪು ಕಟ್ಟಡ, 1882ರ ಸ್ಯಾಂಕಿ ಕೆರೆ ಅವನ ಕೆಲಸಗಳು. ಆ ಅಠಾರ ಕಚೇರಿಯನ್ನು ಗುತ್ತಿಗೆ ಹಿಡಿದು ಕಟ್ಟಿಸಿದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ದಂಡಿನಲ್ಲಿ ಬಡಮಕ್ಕಳಿಗೆಂದು ಶಾಲೆ ತೆರೆದರು. ಕವಾಯತಿನ ಊರಿನಲ್ಲಿ ಕಾಗುಣಿತವೂ ಬೆಳೆಯಿತು.

ಒಂದು ತಮಾಷೆಯ ಸಂಗತಿ ಹೇಳುತ್ತೇನೆ. 1896ರಲ್ಲಿ ಕುದುರೆ ದಳದ ಕಿರಿಯ ಅಧಿಕಾರಿಯಾಗಿ ಬೆಂಗಳೂರು ದಂಡಿಗೆ ಬಂದ ವಿನ್‌ಸ್ಟನ್ ಚರ್ಚಿಲ್, ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದವನು. ಮೂರನೆಯ ಸಲ ಪಾಸ್ ಇನ್ ಆದ. 1894ರ ಕೊನೆಯಲ್ಲಿ ಪಾಸೌಟ್ ಆದಾಗ ಮಾತ್ರ ಒಳ್ಳೆಯ ಸ್ಥಾನದಲ್ಲೇ ಬಂದ. ಮೊದಲ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಕ್ಕಳ ತಾಯಂದಿರು ಇದನ್ನು ನೆನಪಿಟ್ಟುಕೊಳ್ಳಬಹುದು.

ಸೈನ್ಯದಿಂದ ಈ ಮಾತು ನಮ್ಮ ಮನೆಯಂಗಳಕ್ಕೆ ಹೇಗೆ ಬಂತು? ನನಗೆ ತೋರುವುದು ಹೀಗೆ. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಹುಟ್ಟಿತು. 1916ರಲ್ಲಿ ನಮ್ಮದೇ ಮೈಸೂರು ವಿಶ್ವವಿದ್ಯಾಲಯ ಶುರುವಾಗುವ ತನಕ ಈ ಕಡೆಯ ಹುಡುಗರೂ ಮದ್ರಾಸಿನ ಪರೀಕ್ಷೆಗೇ ಕೂರಬೇಕಿತ್ತು. ಮೆಟ್ರಿಕ್ ಪಾಸ್, ಎಫ್.ಎ. ಫೇಲ್ ಎಂಬವು ಹೆಸರಿನ ಜೊತೆಗೆ ಅಂಟಿಕೊಂಡು ಬರುವ ಬಿರುದುಗಳಾದವು. ಇನ್ನೊಂದು ಕಡೆ ದಂಡಿನಲ್ಲಿ ಮಗ, ಅಳಿಯ, ಚಿಕ್ಕಪ್ಪ ಯಾರಾದರೊಬ್ಬರು ಸೈನ್ಯದಲ್ಲಿ ಇರದ ಬೀದಿಯೇ ಇರಲಿಲ್ಲ. ಅವರ ಮನೆಗಳಲ್ಲಿ ತರಬೇತಿ ಮುಗಿಯಿತು ಎನ್ನಲು 'ಪಾಸೌಟ್' ದಿನದ ಮಾತು. 1940ರಲ್ಲಿ ವಿಮಾನ ಕಾರ್ಖಾನೆ ಬಂತು, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿನಗರದಲ್ಲಿ ಟೆಲಿಫೋನ್ ಕಾರ್ಖಾನೆ ಬಂತು. ಅಲ್ಲೆಲ್ಲ ಅಪ್ರೆಂಟಿಸ್‌ಗಳ ತಂಡ ತಂಡವೇ ಒಳಗೆ ಹೋಗಿ, ತರಬೇತಿ ಮುಗಿಸಿ, ತಂಡ ತಂಡವಾಗಿಯೇ ಹೊರಗೆ ಬರುತ್ತಿತ್ತು. ಸೈನ್ಯದ ಮಾತು ಅವರ ಮೈಗೆ ಹೊಲಿದ ಹಾಗೆ ಒಪ್ಪಿತು. ಅಲ್ಲಿಂದ ಪಾಲಿಟೆಕ್ನಿಕ್‌ಗೆ, ಕಾಲೇಜಿಗೆ, ಕೊನೆಗೆ ಎಲ್.ಕೆ.ಜಿ. ಮುಗಿಸಿ ಟೋಪಿ ನಿಲುವಂಗಿ ತೊಟ್ಟು ಫೋಟೋ ತೆಗೆಸಿಕೊಳ್ಳುವ ಪುಟಾಣಿಗಳವರೆಗೂ ಅದು ಇಳಿದಿದೆ. ಈಗಂತೂ ಅದು ಕ್ರಿಯಾಪದವಾಗಿ ಉಳಿದಿಲ್ಲ, ಮನುಷ್ಯರ ಜಾತಿಯೇ ಆಗಿದೆ. 'ಇವಳು 2019ರ ಪಾಸೌಟ್' ಎನ್ನುತ್ತಾರೆ.

ಹಾಗಾದರೆ ಮೂರ್ಛೆ ಎಲ್ಲಿಂದ ಬಂತು? ಅದೂ ಹೆಜ್ಜೆಯ ದಾರಿಯಲ್ಲೇ ಬಂದದ್ದು. ಇಂಗ್ಲಿಷಿನಲ್ಲಿ ಸತ್ತರು ಎನ್ನಲು ನಾಲಿಗೆ ಬಾರದಿದ್ದಾಗ 'ದಾಟಿ ಹೋದರು' ಎನ್ನುವ ರೂಢಿ ಹಳೆಯದು. 19ನೆಯ ಶತಮಾನದ ಕೊನೆಯ ವೇಳೆಗೆ 'ಪಾಸ್ ಔಟ್' ಎಂಬುದಕ್ಕೂ ಸಾಯುವುದು ಎಂಬ ಅರ್ಥ ಕಾಣಿಸಿಕೊಂಡಿತು. ಅದು ಸ್ವಲ್ಪ ಮೆತ್ತಗಾಗಿ, 1915ರ ಸುಮಾರಿಗೆ ಎಚ್ಚರ ತಪ್ಪುವುದು ಎಂದಾಯಿತು. ಅಂದರೆ ಸೈನಿಕ ಶಾಲೆಯ ಪಾಸೌಟ್ ಹಳೆಯದು, ಕುಡುಕನ ಪಾಸೌಟ್ ಈಚಿನದು. ನಕ್ಕವರ ಅಜ್ಜಂದಿರ ಕಾಲದಲ್ಲಿ ಹುಟ್ಟಿದ ಅರ್ಥವನ್ನು ಹಿಡಿದುಕೊಂಡು ಅದಕ್ಕೂ ಹಿಂದಿನ ಅರ್ಥ ಬಳಸಿದವಳನ್ನು ನಕ್ಕಂತಾಯಿತು. ಇಂಗ್ಲೆಂಡಿನಲ್ಲಿ ಇಂದಿಗೂ ಸೈನಿಕರು, ಪೊಲೀಸರು ತರಬೇತಿ ಮುಗಿಸುವುದು 'ಪಾಸಿಂಗ್ ಔಟ್ ಪರೇಡ್' ಮೂಲಕವೇ. ಅಮೆರಿಕದಲ್ಲಂತೂ ಹಂಚುವುದು ಎಂಬ ಮೂರನೆಯ ಅರ್ಥವೂ ಉಂಟು. ಮೇಷ್ಟರು ಪ್ರಶ್ನೆಪತ್ರಿಕೆಗಳನ್ನು ಪಾಸೌಟ್ ಮಾಡುತ್ತಾರೆ.

ನಮ್ಮಲ್ಲೂ ಮುಗಿಯುವ ಮಾತೇ ಸಾವಿನ ಮಾತಾಗಿಲ್ಲವೇ? ತೀರು ಎಂದರೆ ಮುಗಿ. ಸಾಲ ತೀರಿತು, ಹರಕೆ ತೀರಿತು, ಅಜ್ಜಿ ತೀರಿಕೊಂಡರು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿ. ಪರೀಕ್ಷೆಯ ಫಲಿತಾಂಶದಲ್ಲಿ ನಾವು ಓದುವ 'ಉತ್ತೀರ್ಣ' ಎಂಬ ಸಂಸ್ಕೃತ ಶಬ್ದವನ್ನು ಬಿಡಿಸಿದರೆ 'ಉತ್' ಎಂದರೆ ಮೇಲಕ್ಕೆ, ಹೊರಕ್ಕೆ. 'ತೀರ್ಣ' ಎಂದರೆ ದಾಟಿದ. ನೀರನ್ನು ದಾಟಿ ದಡಕ್ಕೆ ಬಂದವಳು ಉತ್ತೀರ್ಣೆ. ಪಾಸ್ ಔಟ್ ಎಂಬುದರ ಅಚ್ಚು ಇದೇ! ಎಂದೂ ಭೇಟಿಯಾಗದ ಊರುಗಳಲ್ಲಿ ಬೇರೆ ಬೇರೆ ಕಾಲದ ಜನ ಪರೀಕ್ಷೆಯನ್ನು ಕುರಿತು ಒಂದೇ ಚಿತ್ರವನ್ನು ಕಂಡಿದ್ದಾರೆ. ಕನ್ನಡದ 'ತೇರ್ಗಡೆ', ತಮಿಳಿನ 'ತೇರ್ಚಿ' ಅಕ್ಕತಂಗಿಯರಂತೆ ಇದ್ದಾವೆ. ಹಲಸೂರಿನ ಒಂದೇ ವಠಾರದಲ್ಲಿ ಎರಡೂ ಫಲಿತಾಂಶ ಒಟ್ಟಿಗೆ ಬಂದರೂ ಸಕ್ಕರೆ ಹಂಚುವುದು ಒಂದೇ ತಟ್ಟೆಯಿಂದ.

ಎಚ್ಚರ ತಪ್ಪುವುದೂ ಪರೇಡ್ ಮೈದಾನಕ್ಕೆ ಹೊರತಾದದ್ದಲ್ಲ. ನಮ್ಮ ಬೀದಿಯಲ್ಲಿ ಸ್ಯಾಪರ್ಸ್ ದಳದಿಂದ ನಿವೃತ್ತರಾದ ಹವಿಲ್ದಾರ್ ತಾತ ಒಬ್ಬರಿದ್ದಾರೆ. ಅವರಿಗೆ ಈ ಎರಡು ಅರ್ಥದ ಕಥೆ ಹೇಳಿದಾಗ ಬಹಳ ಹೊತ್ತು ನಕ್ಕರು. "ಟೀಚರಮ್ಮ, ಗ್ರೌಂಡಿನಲ್ಲಿ ಬಿದ್ದವನು ಬೇರೆ, ಗ್ರೌಂಡ್ ದಾಟಿ ಹೋದವನು ಬೇರೆ. ಅವರಿಗೆ ಎರಡೂ ಒಂದೇನಾ?" ಎಂದರು. ಆಮೇಲೆ ತಾವೇ ವಿವರಿಸಿದರು. ಬಿಸಿಲಿನಲ್ಲಿ ಅಲುಗಾಡದೆ 'ಸಾವಧಾನ್' ನಿಂತರೆ ಗಟ್ಟಿ ಆಳೂ ಬೀಳುತ್ತಾನಂತೆ. ಬೂಟಿನ ಒಳಗೆ ಯಾರಿಗೂ ಕಾಣದ ಹಾಗೆ ಕಾಲ್ಬೆರಳು ಆಡಿಸುತ್ತಿರಬೇಕು, ಮೊಣಕಾಲನ್ನು ಕಟ್ಟಿಗೆಯಂತೆ ಬಿಗಿಯಬಾರದು ಎಂದು ಉಸ್ತಾದರು ಹೇಳಿಕೊಡುತ್ತಿದ್ದರಂತೆ. ಅದಕ್ಕೆ ಕಾರಣವಿದೆ. ನಾವು ನಡೆದಾಡುವಾಗ ಮೀನಖಂಡದ ಸ್ನಾಯುಗಳು ಕಾಲಿನ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ಅಲುಗಾಡದೆ ನಿಂತಾಗ ರಕ್ತ ಕಾಲಿನಲ್ಲೇ ನಿಂತು, ಮಿದುಳಿಗೆ ಸಾಲದೆ ಹೋಗಿ ಬವಳಿ ಬರುತ್ತದೆ. ನೆಲಕ್ಕೆ ಒರಗಿದ ಕೂಡಲೆ ರಕ್ತ ತಲೆಗೆ ಹರಿದು ಎಚ್ಚರ ಮರಳುತ್ತದೆ. ಶಾಲೆಯ ಪ್ರಾರ್ಥನೆಯಲ್ಲಿ, ಸ್ವಾತಂತ್ರ್ಯ ದಿನದ ಬಿಸಿಲಿನಲ್ಲಿ ಹುಡುಗಿಯರು ಬಿದ್ದಾಗ ನಾವು ಗಾಬರಿಯಿಂದ ಎತ್ತಿ ಕೂರಿಸುತ್ತೇವೆ. ಹಾಗೆ ಕೂರಿಸಬಾರದು. ಮಲಗಿಸಿ, ಕಾಲನ್ನು ಸ್ವಲ್ಪ ಎತ್ತರಕ್ಕೆ ಇಡಬೇಕು. ಬೆಳಿಗ್ಗೆ ತಿಂಡಿ ತಿನ್ನದೆ ಮಕ್ಕಳನ್ನು ಕಳಿಸಬಾರದು.

ಪಾಸೌಟ್ ದಿನ ಏನಾಗುತ್ತದೆ ಎಂದೂ ತಾತ ಹೇಳಿದರು. ತರಬೇತಿ ಮುಗಿಸಿದ ರಂಗರೂಟರು ಸಾಲಾಗಿ ಮೈದಾನಕ್ಕೆ ಬರುತ್ತಾರೆ. ದೇಶದ ಮೇಲೆ ಪ್ರಮಾಣ ಮಾಡುತ್ತಾರೆ. ಅದಕ್ಕೇ ಅದಕ್ಕೆ 'ಕಸಮ್ ಪರೇಡ್' ಎಂದೂ ಹೆಸರು. ಮೊದಲು 'ತೇಜ್ ಚಲ್', ಕೊನೆಗೆ 'ಧೀರೇ ಚಲ್'. ನಿಧಾನವಾಗಿ ಹೆಜ್ಜೆ ಎತ್ತಿ ಇಡುತ್ತಾ ಮೈದಾನದಿಂದ ಹೊರಗೆ ಹೋಗುತ್ತಾರೆ. ಡೆಹ್ರಾಡೂನಿನಲ್ಲಿ 1932ರಿಂದ ನಡೆಯುತ್ತಿರುವ ಸೈನಿಕ ಅಕಾಡೆಮಿಯಲ್ಲಿ ಆ ಕಡೆಯ ಮೆಟ್ಟಿಲಿಗೆ 'ಅಂತಿಮ್ ಪಗ್' ಎಂದು ಹೆಸರು. ಪಗ್ ಎಂದರೆ ಹೆಜ್ಜೆ. ಕೊನೆಯ ಹೆಜ್ಜೆ. ಲ್ಯಾಟಿನ್ನಿನ ಪಾಸ್ಸುಸ್ ಎಲ್ಲೆಲ್ಲೋ ಸುತ್ತಿ ಮತ್ತೆ ಹೆಜ್ಜೆಯಲ್ಲಿಯೇ ಬಂದು ನಿಂತಿತು. ಆ ಮೆಟ್ಟಿಲಿನ ಈಚೆ ಅವನು ಕೆಡೆಟ್, ಆಚೆ ಅಧಿಕಾರಿ.

ಈ ಮಾತನ್ನು ಕೇಳುವಾಗ ನನ್ನ ಮನಸ್ಸು ಬೇರೆಲ್ಲಿಗೋ ಹೋಗಿತ್ತು. ತಾತ ಹೇಳಿದ್ದೆಲ್ಲ 'ಅವನು'ಗಳ ಕಥೆ. ಆ ಮೈದಾನದ ಸುತ್ತ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹೆಂಗಸರು ಇದ್ದದ್ದು ನೋಡುವವರಾಗಿ. ದಂಡಿನಲ್ಲಿ ಅಡಿಗೆ ಮಾಡಿದರು, ಬಟ್ಟೆ ಒಗೆದರು, ಗಾಯಕ್ಕೆ ಪಟ್ಟಿ ಕಟ್ಟಿದರು. ನರ್ಸಿಂಗ್ ಸೇವೆ, ವೈದ್ಯ ಸೇವೆ ಬಿಟ್ಟರೆ ಸೈನ್ಯದ ಬಾಗಿಲು ಅವರಿಗೆ ಬಹುಕಾಲ ತೆರೆಯಲಿಲ್ಲ. 1992ರಲ್ಲಿ ಮದ್ರಾಸಿನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ 25 ಮಂದಿ ಹೆಣ್ಣುಮಕ್ಕಳ ಮೊದಲ ತಂಡ ಸೇರಿತು. ಒಂದನೆಯ ನಂಬರಿನ ಕೆಡೆಟ್ ಪ್ರಿಯಾ ಝಿಂಗನ್. 1993ರ ಮಾರ್ಚ್ 6ರಂದು ಅವರು ಪಾಸೌಟ್ ಆದರು. ಆದರೂ ಅದು ಅಧಿಕಾರಿಗಳ ಮಾತಾಯಿತು. ಸಾಮಾನ್ಯ ಸಿಪಾಯಿಯ ದರ್ಜೆಯಲ್ಲಿ ಹೆಣ್ಣುಮಕ್ಕಳು ಭೂಸೇನೆಗೆ ಬರಲು ಇನ್ನೂ ಇಪ್ಪತ್ತೆಂಟು ವರ್ಷ ಬೇಕಾಯಿತು. ಅದು ಆದದ್ದು ನಮ್ಮ ಬೆಂಗಳೂರಿನಲ್ಲಿ.

2021ರ ಮೇ 8. ಕೊರೊನಾದ ಎರಡನೆಯ ಅಲೆ ನಗರವನ್ನು ಹಿಂಡುತ್ತಿದ್ದ ದಿನಗಳು. ಬೆಂಗಳೂರಿನ ಸೇನಾ ಪೊಲೀಸ್ ದಳದ ತರಬೇತಿ ಕೇಂದ್ರದ ದ್ರೋಣಾಚಾರ್ಯ ಪರೇಡ್ ಮೈದಾನದಲ್ಲಿ 83 ಮಂದಿ ಹೆಣ್ಣುಮಕ್ಕಳು ಪ್ರಮಾಣ ಮಾಡಿ ಸೈನಿಕರಾದರು. ಅವರ ತರಬೇತಿ 61 ವಾರಗಳದು. ಶಸ್ತ್ರಾಭ್ಯಾಸ, ಪೊಲೀಸ್ ಕೆಲಸ, ಯುದ್ಧಕೈದಿಗಳನ್ನು ನೋಡಿಕೊಳ್ಳುವ ಕ್ರಮ, ಎಲ್ಲ ಬಗೆಯ ವಾಹನ ಓಡಿಸುವುದು, ಅವನ್ನು ಸುಸ್ಥಿತಿಯಲ್ಲಿಡುವುದು, ಸಂದೇಶ ಸಾಧನಗಳ ಬಳಕೆ, ಎಲ್ಲವನ್ನೂ ಕಲಿತಿದ್ದರು. ರೋಗದ ಭಯದಿಂದ ಸಮಾರಂಭವನ್ನು ಸರಳವಾಗಿ ಮುಗಿಸಿದರು. ಊರೆಲ್ಲ ಆಸ್ಪತ್ರೆಯ ಹಾಸಿಗೆಗೆ ಅಲೆಯುತ್ತಿದ್ದಾಗ ಈ ಸುದ್ದಿ ಬಹಳ ಜನರ ಕಣ್ಣಿಗೆ ಬೀಳಲಿಲ್ಲ. ನಾಲ್ಕು ವರ್ಷದ ಮೇಲೆ, 2025ರ ಮೇ 30ರಂದು ಪುಣೆಯ ಬಳಿಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ 17 ಮಂದಿ ಹುಡುಗಿಯರ ಮೊದಲ ತಂಡ ಪಾಸೌಟ್ ಆಯಿತು. ಆ ಬಾಗಿಲನ್ನು ತೆರೆಸಲು 2021ರಲ್ಲಿ ಸುಪ್ರೀಂ ಕೋರ್ಟು ಆದೇಶ ಕೊಡಬೇಕಾಗಿ ಬಂದಿತ್ತು.

ಈ ಮಾತಿನ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇಂಗ್ಲಿಷಲ್ಲ, ಕನ್ನಡ. ನಮ್ಮ ತಾಯಂದಿರ ತಲೆಮಾರಿನಲ್ಲಿ ಅಣ್ಣಂದಿರ ವಿಷಯಕ್ಕೆ 'ಓದು ಮುಗಿಸಿದ' ಎನ್ನುತ್ತಿದ್ದರು. ಹೆಣ್ಣುಮಕ್ಕಳ ವಿಷಯಕ್ಕೆ 'ಶಾಲೆ ಬಿಡಿಸಿದರು' ಎನ್ನುತ್ತಿದ್ದರು. ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲನೆಯದರಲ್ಲಿ ಮಾಡಿದವನು ಅವನೇ. ಎರಡನೆಯದರಲ್ಲಿ ಮಾಡಿದವರು ಯಾರೋ, ಅಪ್ಪನೋ ಅಜ್ಜನೋ. ಅವಳು ವಾಕ್ಯದಲ್ಲಿ ಕರ್ತೃವೇ ಅಲ್ಲ. ನನ್ನ ತಾಯಿಯನ್ನು ಲೋಯರ್ ಸೆಕೆಂಡರಿಗೇ ಬಿಡಿಸಿದ್ದರು. ಜಾಣೆಯಾಗಿದ್ದರು, ಲೆಕ್ಕದಲ್ಲಿ ತರಗತಿಗೆ ಮೊದಲಿಗರು ಎಂದು ಸೋದರಮಾವ ಹೇಳುತ್ತಿದ್ದರು. ಆ ಲೆಕ್ಕವೆಲ್ಲ ಹಾಲಿನವನ ಚೀಟಿಗೂ ಚೀಟಿ ಫಂಡಿನ ಕಂತಿಗೂ ಖರ್ಚಾಯಿತು. ಅವರು ಯಾವ ಬಾಗಿಲಿನಿಂದಲೂ ಹೊರಬರಲಿಲ್ಲ, ಏಕೆಂದರೆ ನಡುವಿನಲ್ಲೇ ಕರೆದುಕೊಂಡು ಬಂದುಬಿಟ್ಟರು.

ಆದ್ದರಿಂದ ನಮ್ಮ ಬೀದಿಯ ಹುಡುಗಿ, ಅದು ಬಿ.ಕಾಂ. ಆಗಲಿ, ಐ.ಟಿ.ಐ. ಆಗಲಿ, ನರ್ಸಿಂಗ್ ಆಗಲಿ, "ನಾನು ಪಾಸೌಟ್ ಆದೆ ಆಂಟಿ" ಎಂದಾಗ ನನ್ನ ಕಿವಿ ಇಂಗ್ಲಿಷಿನ ವ್ಯಾಕರಣವನ್ನು ಹುಡುಕುವುದಿಲ್ಲ. ಆ ವಾಕ್ಯದಲ್ಲಿ 'ನಾನು' ಇದೆ. ಒಳಗೆ ಹೋದವಳೂ ಅವಳೇ, ದಾಟಿದವಳೂ ಅವಳೇ, ಹೊರಗೆ ಬಂದವಳೂ ಅವಳೇ. ಸೈನ್ಯದವರು ತಂದ ಮಾತನ್ನು ನಮ್ಮ ಹೆಣ್ಣುಮಕ್ಕಳು ಇಷ್ಟು ಚೆನ್ನಾಗಿ ಮೈಗೂಡಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಪರದೇಶಕ್ಕೆ ಹೋಗುವ ಮಕ್ಕಳಿಗೆ ಒಂದು ಕಿವಿಮಾತು ಮಾತ್ರ ಹೇಳಬಹುದು. ಅಲ್ಲಿನ ಅರ್ಜಿಯಲ್ಲಿ 'ಗ್ರಾಜುಯೇಟ್ ಆದೆ' ಎಂದು ಬರೆಯಲಿ; ಬೇರೆ ಊರಿಗೆ ಹೋದಾಗ ಅಲ್ಲಿನ ನಾಣ್ಯ ಚಲಾಯಿಸಬೇಕು. ಅದಕ್ಕಾಗಿ ಮನೆಯ ನಾಣ್ಯ ಖೋಟಾ ಎಂದು ಯಾರೂ ಅಳಬೇಕಾಗಿಲ್ಲ. ಈ ನಾಣ್ಯ ಮೊದಲು ಅಚ್ಚಾದದ್ದು ಅವರ ಭಾಷೆಯ ಟಂಕಸಾಲೆಯಲ್ಲೇ. ದಂಡಿನ ಜೊತೆಗೆ ಬಂದು, ಹಲಸೂರಿನ ಕೆರೆಯ ಪಕ್ಕದಲ್ಲಿ ನೆಲೆನಿಂತು, ಕೈಯಿಂದ ಕೈಗೆ ದಾಟಿ ನಮ್ಮ ಅಡಿಗೆಮನೆಯ ಸಾಸಿವೆ ಡಬ್ಬಿಯವರೆಗೂ ಬಂದಿದೆ. ಅಲ್ಲಿ ಅದು ಇಂದಿಗೂ ಚಲಾವಣೆಯಲ್ಲಿದೆ.